ಘಟಪ್ರಭೆಯ ಉಸುಕು, ಬಂಗಾಳ ಕೊಲ್ಲಿಯ ತಳ

ಗೋಕಾಕ ಫಾಲ್ಸಿಗೆ ಬರುವ ಯಾತ್ರಿಕರು ನೀರನ್ನು ನೋಡಿ ಹೋಗುತ್ತಾರೆ. ಆ ನೀರು ಯಾವ ಬಂಡೆಯ ಅಂಚಿನಿಂದ 52 ಮೀಟರು ಕೆಳಕ್ಕೆ ಧುಮುಕುವುದೋ ಆ ಬಂಡೆಯನ್ನು ನಿಂತು ನೋಡುವವರು ವಿರಳ. ಮಳೆಗಾಲ ಕಳೆದು, ಘಟಪ್ರಭೆಯ ಆರ್ಭಟವಡಗಿ, ತೂಗುಸೇತುವೆಯ ಕೆಳಗೆ ಹಾಸುಗಲ್ಲುಗಳು ಬಯಲಾದ ಮೇಲೆ ಈ ಸೀಮೆಯ ಮರಳುಗಲ್ಲನ್ನು ಹತ್ತಿರದಿಂದ ಪರೀಕ್ಷಿಸಿದವರಿಗೆ, ಅದು ಏಕಶಿಲೆಯಲ್ಲ, ಪದರದ ಮೇಲೆ ಪದರವಾಗಿ ಕೂಡಿಬಂದ ಉಸುಕಿನ ರಾಶಿಯೇ ಗಟ್ಟಿಗೊಂಡು ಕಲ್ಲಾದದ್ದೆಂಬುದು ಗೊತ್ತಾಗುತ್ತದೆ. ಇಂಥ ಕೆಲವು ಹಾಸುಗಳ ಮೇಲೆ ಕೈಯಾಡಿಸಿದರೆ ಒಂದರ ಪಕ್ಕದಲ್ಲೊಂದು ಸಾಲಾಗಿ ಎದ್ದ ಸಣ್ಣ ಏಣುಗಳು ಬೆರಳಿಗೆ ತಾಕುತ್ತವೆ. ಏಣಿನ ಒಂದು ಮಗ್ಗುಲು ಓರೆಯಾಗಿ ಮೆಲ್ಲನೆ ಏರಿ ಮತ್ತೊಂದು ಮಗ್ಗುಲು ಕಡಿದಾಗಿ ಇಳಿದಿದ್ದರೆ ನೀರು ಒಂದೇ ದಿಕ್ಕಿಗೆ ಹರಿಯುತ್ತಿತ್ತೆಂದೂ, ಎರಡು ಮಗ್ಗುಲುಗಳೂ ಸಮನಾಗಿದ್ದರೆ ದಡದ ಆಳವಿಲ್ಲದ ನೀರಿನಲ್ಲಿ ತೆರೆಗಳು ಹಿಂದಕ್ಕೂ ಮುಂದಕ್ಕೂ ಆಡುತ್ತಿದ್ದುವೆಂದೂ ಭೂವಿಜ್ಞಾನಿಗಳು ನಿರ್ಣಯಿಸುತ್ತಾರೆ. ಕಾರವಾರದ ತೀರದಲ್ಲಿ ಇಳಿತದ ವೇಳೆಗೆ ಒದ್ದೆ ಮರಳಿನ ಮೇಲೆ ಇಂದು ಮೂಡುವ ಗೆರೆಗಳೂ, ನೂರು ಕೋಟಿ ವರ್ಷಗಳ ಆಸುಪಾಸಿನಲ್ಲಿ ಈ ನೆಲದಲ್ಲಿ ಮೂಡಿ ಶಿಲೆಯಾಗಿ ನಿಂತ ಗೆರೆಗಳೂ ಒಂದೇ ನಿಯಮಕ್ಕೆ ಒಳಪಟ್ಟವು. ಕಡಲಿನಿಂದ ದೂರವಿರುವ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯವರಿಗೆ ಕಡಲತಳದ ಶಾಸ್ತ್ರವು ಪರಕೀಯವಲ್ಲವೆಂದು ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಈ ಶಿಲೆಗಳನ್ನು ಕ್ರಮವಾಗಿ ಪರಿಶೀಲಿಸಿ ವರ್ಣಿಸಿದವರಲ್ಲಿ ಅಗ್ರಗಣ್ಯರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್. ದಕ್ಷಿಣ ಮರಾಠಾ ಸೀಮೆಯ ಭೂಲಕ್ಷಣಗಳನ್ನು ಕುರಿತ ಅವರ ಗ್ರಂಥವು 1876ರಲ್ಲಿ ಪ್ರಕಟವಾಯಿತು. ಆಗ ಜಿಲ್ಲೆಯ ಮುಖ್ಯಸ್ಥಳವಾಗಿದ್ದ ಕಲಾದಗಿಯ ಹೆಸರನ್ನೇ ಅವರು ಈ ಶಿಲಾಸಮೂಹಕ್ಕೆ ಇಟ್ಟರು. ಅದರಲ್ಲಿ ಮರಳುಗಲ್ಲಿದೆ, ಜೇಡಿಗಲ್ಲಿದೆ, ಮೂಡಲಗಿ ತಾಲ್ಲೂಕಿನ ಯಾದವಾಡದಲ್ಲಿ ಅಗೆದು ಸಿಮೆಂಟಿಗೆ ಬಳಸುವ ಸುಣ್ಣಗಲ್ಲೂ ಇದೆ. ಲೋಕಾಪುರದ ಸುಣ್ಣಗಲ್ಲಿನಲ್ಲಿ, ಆಳವಿಲ್ಲದ ತಿಳಿನೀರಿನಲ್ಲಿ ಬಾಳಿದ ಸೂಕ್ಷ್ಮಜೀವಿಗಳು ಕಟ್ಟಿದ ಪದರರಚನೆಗಳು ಸ್ಪಷ್ಟವಾಗಿ ಉಳಿದಿವೆ. ನದಿಯ ಮರಳು ಯಾವುದು, ಕಡಲಂಚಿನ ಮರಳು ಯಾವುದೆಂದು ಪದರಪದರವಾಗಿ ವಿಂಗಡಿಸುವ ಕಾರ್ಯವನ್ನು ಅನಂತರದ ವಿದ್ವಾಂಸರು ನಡೆಸಿಕೊಂಡು ಬಂದಿದ್ದಾರೆ.

ಫೂಟರ ಗ್ರಂಥ ಹೊರಬಂದ ಆ 1876ರಲ್ಲಿಯೇ, ಮೇ ತಿಂಗಳಿನಲ್ಲಿ, ಬ್ರಿಟನ್ನಿನ ಚಾಲೆಂಜರ್ ಎಂಬ ಹಡಗು ಮೂರೂವರೆ ವರ್ಷಗಳ ಸಮುದ್ರಪರ್ಯಟನವನ್ನು ಮುಗಿಸಿ ಸ್ವದೇಶಕ್ಕೆ ಮರಳಿತು. ಅದುವರೆಗೆ ಸಮುದ್ರದ ಆಳವೆಂದರೆ ಬಹುಮಟ್ಟಿಗೆ ನಾವಿಕರು ದಡದ ಬಳಿ ಸೀಸದ ಗುಂಡಿಗೆ ಹಗ್ಗ ಕಟ್ಟಿ ಇಳಿಸಿ, ಮೇಲೆಳೆಯುತ್ತ ಮಾರು ಹಾಕಿ ಎಣಿಸುವ ಲೆಕ್ಕವಾಗಿತ್ತು; ಗುಂಡಿನ ಅಡಿಯ ಕುಳಿಯಲ್ಲಿ ಮೆತ್ತಿದ ಕೊಬ್ಬಿಗೆ ಅಂಟಿಕೊಂಡು ಬಂದ ಕೆಸರೋ ಮರಳೋ ಚಿಪ್ಪಿನ ಚೂರೋ ತಳದ ಗುಣವನ್ನು ತಿಳಿಸುತ್ತಿತ್ತು. ಚಾಲೆಂಜರ್ ಹಡಗಿನವರು ಇದೇ ಉಪಾಯವನ್ನು ಮಹಾಸಾಗರದ ನಡುವೆ ಪ್ರಯೋಗಿಸಿದರು. ಒಂದೊಂದು ಆಳವನ್ನು ಅಳೆಯಲು ತಾಸುಗಟ್ಟಲೆ ಕಾಲ ಹಿಡಿಯುತ್ತಿದ್ದುದರಿಂದ ಅಷ್ಟು ದೀರ್ಘವಾದ ಯಾತ್ರೆಯಲ್ಲಿಯೂ ಆಳದ ಅಳತೆಗಳು ಐನೂರರ ಒಳಗೇ ಉಳಿದುವು. ಆದರೂ ಪಶ್ಚಿಮ ಪೆಸಿಫಿಕ್ಕಿನಲ್ಲಿ 4,475 ಮಾರುಗಳ, ಎಂದರೆ 8,000 ಮೀಟರಿಗೂ ಮಿಕ್ಕ ಆಳವನ್ನು ಅವರು ಕಂಡರು. ಅವರು ತಂದ ಕೆಸರಿನ ಮಾದರಿಗಳನ್ನು ಜಾನ್ ಮರ್ರೆ ಮತ್ತು ಆಲ್ಫೋನ್ಸ್ ರೆನಾರ್ ಇಬ್ಬರೂ ವಿಂಗಡಿಸಿ 1891ರಲ್ಲಿ ಪ್ರಕಟಿಸಿದ ಗ್ರಂಥದಿಂದ ಕಡಲತಳದ ನಿಕ್ಷೇಪಗಳ ಶಾಸ್ತ್ರವು ಉದಯವಾಯಿತೆಂದು ಹೇಳಬಹುದು. ಚಾಲೆಂಜರ್ ನಮ್ಮ ಅರಬ್ಬೀ ಸಮುದ್ರವನ್ನಾಗಲಿ ಬಂಗಾಳ ಕೊಲ್ಲಿಯನ್ನಾಗಲಿ ಹೊಕ್ಕಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಇನ್ವೆಸ್ಟಿಗೇಟರ್ ಎಂಬ ಸರ್ವೇಕ್ಷಣ ಹಡಗು. ಅದರಲ್ಲಿ ವೈದ್ಯರೂ ಪ್ರಕೃತಿವಿಜ್ಞಾನಿಯೂ ಆಗಿದ್ದ ಆಲ್ಫ್ರೆಡ್ ಆಲ್ಕಾಕ್ ಅವರು ಭಾರತದ ಸಮುದ್ರಗಳನ್ನು ಕುರಿತು 1902ರಲ್ಲಿ ಬರೆದ ಪುಸ್ತಕ ಇಂದಿಗೂ ಓದತಕ್ಕದ್ದು.

ಇಲ್ಲಿ ಕೆಸರಿನ ಸ್ವಭಾವವನ್ನು ಕುರಿತು ತುಸು ನಿಂತು ಹೇಳಬೇಕು. ಆಷಾಢದ ರಾಡಿ ನೀರನ್ನು ಘಟಪ್ರಭೆಯಿಂದ ಒಂದು ಗಾಜಿನ ಶೀಸೆಯಲ್ಲಿ ತುಂಬಿ, ಚೆನ್ನಾಗಿ ಕುಲುಕಿ, ಅಲುಗಿಸದೆ ಇಟ್ಟರೆ ಉಸುಕು ನೋಡುತ್ತಿರುವಂತೆಯೇ ತಳ ಸೇರುತ್ತದೆ. ನಯವಾದ ಮೆಕ್ಕಲುಮಣ್ಣು ಕೆಲವು ತಾಸುಗಳಲ್ಲಿ ಕುಳಿತುಕೊಳ್ಳುತ್ತದೆ. ಎರೆಮಣ್ಣಿನ ಜೇಡಿಯಾದರೋ ಮರುದಿನವೂ ನೀರನ್ನು ಬಿಡದೆ ಮಬ್ಬಾಗಿಯೇ ನಿಲ್ಲಿಸಿರುತ್ತದೆ. ಕಣದ ವ್ಯಾಸ ಅರ್ಧವಾದರೆ ಅದು ಇಳಿಯುವ ವೇಗ ಕಾಲುಭಾಗವಾಗುವುದೆಂಬ ನಿಯಮವನ್ನು ಜಾರ್ಜ್ ಸ್ಟೋಕ್ಸ್ 1851ರಲ್ಲಿ ಸಾಧಿಸಿ ತೋರಿಸಿದ್ದರು. ಆ ಲೆಕ್ಕದಂತೆ ಮಿಲಿಮೀಟರಿನ ಐನೂರನೆಯ ಒಂದಂಶದಷ್ಟಿರುವ ಜೇಡಿಯ ಕಣವೊಂದು ನಿಶ್ಚಲವಾದ ನೀರಿನಲ್ಲಿ ದಿನಕ್ಕೆ ಮೂವತ್ತು ಸೆಂಟಿಮೀಟರಿನಷ್ಟು ಮಾತ್ರ ಇಳಿದೀತು. 3,000 ಮೀಟರು ಆಳದ ಕಡಲಿನ ತಳ ಮುಟ್ಟಲು ಅದಕ್ಕೆ ಕಾಲು ಶತಮಾನಕ್ಕೂ ಹೆಚ್ಚು ಕಾಲ ಬೇಕು. ನದೀಮುಖದಲ್ಲಿ ಉಪ್ಪುನೀರಿನ ಸಂಗದಿಂದ ಕಣಗಳು ಒಂದಕ್ಕೊಂದು ಅಂಟಿ ಗಂಟಾಗುವುದರಿಂದಲೂ, ಸಮುದ್ರದ ಸಣ್ಣ ಪ್ರಾಣಿಗಳು ಅವನ್ನು ನುಂಗಿ ಮಲದ ಉಂಡೆಗಳಾಗಿ ವಿಸರ್ಜಿಸುವುದರಿಂದಲೂ ವಾಸ್ತವದಲ್ಲಿ ಈ ಅವರೋಹಣ ಬಹಳ ಬೇಗನೆ ಮುಗಿಯುತ್ತದೆ. ಅಷ್ಟಾದರೂ ದಡದಿಂದ ಬಹುದೂರದ ಆಳಗಳಲ್ಲಿ ಕೆಂಪು ಜೇಡಿಯು ಸಾವಿರ ವರ್ಷಕ್ಕೆ ಒಂದು ಮಿಲಿಮೀಟರಿನ ಆಸುಪಾಸಿನಲ್ಲಿ ಮಾತ್ರ ಬೆಳೆಯುತ್ತದೆ.

ಹಗ್ಗದಿಂದ ಶಬ್ದಕ್ಕೆ ಸಾಗಿದ್ದು ಈ ಶಾಸ್ತ್ರದ ಎರಡನೆಯ ಯುಗ. ಶಬ್ದವು ಕಡಲನೀರಿನಲ್ಲಿ ಕ್ಷಣಕ್ಕೆ ಸುಮಾರು 1,500 ಮೀಟರು ಚಲಿಸುವುದರಿಂದ, ಹಡಗಿನಿಂದ ಹೊರಟ ಧ್ವನಿ ತಳಕ್ಕೆ ಬಡಿದು ನಾಲ್ಕು ಕ್ಷಣಗಳ ಬಳಿಕ ಮರಳಿದರೆ ಆಳವು 3,000 ಮೀಟರು. ಜರ್ಮನಿಯ ಮೀಟಿಯೋರ್ ಹಡಗು 1925ರಿಂದ 1927ರ ವರೆಗೆ ದಕ್ಷಿಣ ಅಟ್ಲಾಂಟಿಕ್ಕಿನಲ್ಲಿ ಈ ವಿಧಾನದಿಂದ ಅರುವತ್ತು ಸಾವಿರಕ್ಕೂ ಮಿಕ್ಕ ಅಳತೆಗಳನ್ನು ತೆಗೆಯಿತು. ಇಂಥ ಅಳತೆಗಳನ್ನು ಕೂಡಿಸಿ ಅಮೆರಿಕೆಯ ಮೇರಿ ಥಾರ್ಪ್ ಅವರು ಅಟ್ಲಾಂಟಿಕ್ಕಿನ ನಡುವಣ ಪರ್ವತಶ್ರೇಣಿಯ ನೆತ್ತಿಯಲ್ಲಿ ಸೀಳುಕಣಿವೆಯಿರುವುದನ್ನು ಗುರುತಿಸಿದಾಗ ಅವರ ಸಹೋದ್ಯೋಗಿ ಬ್ರೂಸ್ ಹೀಜನ್ ಮೊದಲು ನಂಬಲಿಲ್ಲ. ಕಾಲಾನಂತರ ಇಬ್ಬರೂ ಕೂಡಿಯೇ ರಚಿಸಿದ ಹಿಂದೂ ಮಹಾಸಾಗರದ ತಳದ ಚಿತ್ರವು 1967ರಲ್ಲಿ ಪ್ರಕಟವಾಗಿ, ಕಾರ್ಲ್ಸ್‌ಬರ್ಗ್ ಏಣನ್ನೂ ಬಂಗಾಳ ಕೊಲ್ಲಿಯ ವಿಶಾಲವಾದ ಇಳಿಜಾರನ್ನೂ ಸಾಮಾನ್ಯ ಓದುಗರ ಕಣ್ಣಿಗೆ ತಂದಿತು. ಹಡಗುಗಳ ಬಳಿ ಪಕ್ವವಾದ ಉಪಕರಣವಿದ್ದುದಕ್ಕಿಂತ, ಬಿಡಿ ಅಂಕಿಗಳ ನಡುವಿನ ಸಂಬಂಧವನ್ನು ಕಾಣುವ ತಾಳ್ಮೆ ಥಾರ್ಪ್ ಅವರಲ್ಲಿ ಇದ್ದುದೇ ಇಲ್ಲಿ ಮುಖ್ಯವಾಯಿತೆಂದು ನನ್ನ ಭಾವನೆ.

ಬಂಗಾಳ ಕೊಲ್ಲಿಯ ಆ ಇಳಿಜಾರು ಹೇಗೆ ಉಂಟಾಯಿತೆಂಬ ಪ್ರಶ್ನೆಗೆ ಉತ್ತರ ಅನಿರೀಕ್ಷಿತವಾದ ಕಡೆಯಿಂದ ದೊರೆಯಿತು. 1929ರ ನವೆಂಬರ್ 18ರಂದು ನ್ಯೂಫೌಂಡ್‌ಲೆಂಡಿನ ದಕ್ಷಿಣಕ್ಕೆ ಸಮುದ್ರದಡಿ ಭೂಕಂಪವಾಗಿ, ಅಲ್ಲಿ ಹಾದುಹೋಗಿದ್ದ ತಂತಿಯ ಕೇಬಲುಗಳಲ್ಲಿ ಹಲವು ತುಂಡಾದುವು. ಕಂಪದ ಸಮೀಪದವು ಕೂಡಲೇ ಕಡಿದುವು. ಇಳಿಜಾರಿನಲ್ಲಿ ಕೆಳಗಿದ್ದವು ಮಾತ್ರ ಒಂದಾದ ಮೇಲೊಂದರಂತೆ, ಕೊನೆಯದು ಹದಿಮೂರು ತಾಸುಗಳ ಬಳಿಕ, ಕಡಿದುಹೋದುವು. ಹೀಜನ್ ಮತ್ತು ಮಾರಿಸ್ ಯೂಯಿಂಗ್ 1952ರಲ್ಲಿ ಈ ವೇಳೆಗಳನ್ನೆಲ್ಲ ಕ್ರಮವಾಗಿ ಜೋಡಿಸಿ, ಜರಿದುಬಿದ್ದ ಕೆಸರು ನೀರಿನೊಡನೆ ಬೆರೆತು ಭಾರವಾದ ಪ್ರವಾಹವಾಗಿ ತಳವನ್ನು ಕೊರೆಯುತ್ತ ಓಡಿತೆಂದು ಪ್ರತಿಪಾದಿಸಿದರು. ಶಾಂತವೆಂದು ಎಣಿಸಿದ್ದ ಆಳದಲ್ಲಿಯೂ ಮಹಾಪೂರಗಳಿವೆಯೆಂಬುದು ಹೀಗೆ ಸಿದ್ಧವಾಯಿತು. ಇಂಥ ಪೂರಗಳೇ ಹಿಮಾಲಯದ ಮಣ್ಣನ್ನು ಗಂಗಾಮುಖದಿಂದ ಹೊತ್ತು ತಂದು ಬಂಗಾಳ ಕೊಲ್ಲಿಯ ತಳದಲ್ಲಿ ಸುಮಾರು 3,000 ಕಿಲೋಮೀಟರು ಉದ್ದಕ್ಕೆ ಬೀಸಣಿಗೆಯಾಕಾರವಾಗಿ ಹರಡಿವೆ. ಅಮೆರಿಕೆಯ ಜೋಸೆಫ್ ಕರ್ರೆ ಮತ್ತು ಡೇವಿಡ್ ಮೂರ್ 1971ರಲ್ಲಿ ಇದರ ವೃದ್ಧಿಯನ್ನು ವಿವರಿಸಿದರು. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕಡಲಡಿಯ ಬೀಸಣಿಗೆ ಇಲ್ಲ.

ಭಾರತೀಯರು ಈ ಕ್ಷೇತ್ರಕ್ಕೆ ಸಾಮೂಹಿಕವಾಗಿ ಕಾಲಿಟ್ಟದ್ದು ಅರುವತ್ತರ ದಶಕದ ಅಂತಾರಾಷ್ಟ್ರೀಯ ಹಿಂದೂ ಮಹಾಸಾಗರ ಅಭಿಯಾನದಲ್ಲಿ. ನಮ್ಮ ಪರವಾಗಿ ಅದರಲ್ಲಿ ದುಡಿದ ಮುಖ್ಯ ಹಡಗು, ಕೃಷ್ಣಾ ನದಿಯ ಹೆಸರನ್ನೇ ಹೊತ್ತ ನೌಕಾಪಡೆಯ ಕಿಸ್ತ್ನಾ. ಅಭಿಯಾನದ ಫಲವಾಗಿ 1966ರ ಜನವರಿ 1ರಂದು ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆ ಸ್ಥಾಪಿತವಾಗಿ ಗೋವೆಯ ದೋನಾ ಪಾವ್ಲದಲ್ಲಿ ನೆಲೆಗೊಂಡಿತು. ಬೆಳಗಾವಿಯಿಂದ ಘಟ್ಟವಿಳಿದರೆ ಅದು ದೂರವೇನಲ್ಲ. ಸಂಸ್ಥೆಯ ಗವೇಷಣಿ ಹಡಗು 1981ರ ಜನವರಿ 26ರಂದು ಹಿಂದೂ ಮಹಾಸಾಗರದ ಆಳದಿಂದ ಮ್ಯಾಂಗನೀಸಿನ ಉಂಡೆಗಳನ್ನು ಎತ್ತಿತು. ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವ ಆ ಉಂಡೆಗಳ ಶೋಧಕ್ಕಾಗಿ 1987ರಲ್ಲಿ ಭಾರತಕ್ಕೆ ಮಧ್ಯ ಹಿಂದೂ ಮಹಾಸಾಗರದಲ್ಲಿ 1,50,000 ಚದರ ಕಿಲೋಮೀಟರಿನ ಕ್ಷೇತ್ರ ದೊರೆಯಿತು. ಈಗ ಹಡಗಿನ ಅಡಿಯಿಂದ ನೂರಾರು ಧ್ವನಿಕಿರಣಗಳು ಬೀಸಣಿಗೆಯಾಗಿ ಹರಡಿ ಒಂದೇ ಸಲಕ್ಕೆ ಅಗಲವಾದ ಪಟ್ಟಿಯನ್ನು ಅಳೆಯುತ್ತವೆ. ಆದಾಗ್ಯೂ ಪ್ರಪಂಚದ ಕಡಲತಳದಲ್ಲಿ ಹೀಗೆ ನೇರವಾಗಿ ಅಳೆದಿರುವುದು ಕಾಲುಭಾಗಕ್ಕಿಂತ ಸ್ವಲ್ಪ ಹೆಚ್ಚು ಮಾತ್ರ.

ಕರ್ನಾಟಕದ ಕರಾವಳಿಯಲ್ಲಿ ನಡೆದ ಕಾರ್ಯವೂ ಕಡಮೆಯದಲ್ಲ. ಮಂಗಳಗಂಗೋತ್ರಿಯ ಸಮುದ್ರ ಭೂವಿಜ್ಞಾನ ವಿಭಾಗ, ಸುರತ್ಕಲ್ಲಿನ ತಾಂತ್ರಿಕ ವಿದ್ಯಾಲಯ, ಮಂಗಳೂರಿನಲ್ಲಿ ಕೇಂದ್ರವುಳ್ಳ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ಸಾಗರ ಶಾಖೆ ಇವೆಲ್ಲವೂ ಮರಳಿನ ಚಲನೆಯನ್ನು ಗಮನಿಸುತ್ತ ಬಂದಿವೆ. ಕೋಡಿಬೆಂಗ್ರೆಯಲ್ಲಿ ಸೀತೆ, ಸುವರ್ಣೆಗಳ ಮುಖದ ಮರಳಿನ ನಾಲಗೆ ಒಂದು ಋತುವಿನಲ್ಲಿ ಬೆಳೆದು ಮತ್ತೊಂದರಲ್ಲಿ ಕರಗುತ್ತದೆ. ಉಳ್ಳಾಲದಲ್ಲಿ ಕಡಲ್ಕೊರೆತವು ಮನೆಯಂಗಳದ ಸಂಕಟವಾಗಿದೆ. ಒಂದೆಡೆ ಕಲ್ಲಿನ ಗೋಡೆ ಕಟ್ಟಿದರೆ ಪಕ್ಕದ ಊರಿನ ಮರಳು ಹೋಗುವುದೆಂಬ ಪಾಠವನ್ನು ಈ ತೀರವು ಮತ್ತೆ ಮತ್ತೆ ಕಲಿಸಿದೆ, ನಾವು ಕಲಿತಿಲ್ಲ.

ಹೀಗಿರಲಾಗಿ ನಮ್ಮ ಘಟಪ್ರಭೆಯ ವಿಷಯಕ್ಕೆ ಬರೋಣ. ಸಹ್ಯಾದ್ರಿಯ ನೆತ್ತಿಯಲ್ಲಿ, ಅರಬ್ಬೀ ಸಮುದ್ರಕ್ಕೆ ಅಷ್ಟು ಸಮೀಪದಲ್ಲಿ ಹುಟ್ಟಿಯೂ ಪಶ್ಚಿಮಕ್ಕೆ ಬೆನ್ನು ಮಾಡಿ, ಹಿರಣ್ಯಕೇಶಿ, ಮಾರ್ಕಂಡೇಯಗಳನ್ನು ಕೂಡಿಕೊಂಡು, ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರಿ, ಹಂಸಲದೀವಿಯ ಬಳಿ ಬಂಗಾಳ ಕೊಲ್ಲಿಗೆ ಇಳಿಯುವ ಈ ನೀರು ದಖ್ಖನಿನ ಕರಿಗಲ್ಲು ಸವೆದುಂಟಾದ ಎರೆಮಣ್ಣನ್ನು ಹೊತ್ತಿರುತ್ತದೆ. ಎರೆಮಣ್ಣಿನಲ್ಲಿ ಹೇರಳವಾಗಿರುವ ಸ್ಮೆಕ್ಟೈಟ್ ಎಂಬ, ನೀರು ಕುಡಿದು ಉಬ್ಬುವ ಜೇಡಿಯನ್ನು ಕೊಲ್ಲಿಯ ಕೆಸರಿನಲ್ಲಿ ಕಂಡೊಡನೆ ಸಂಶೋಧಕರು ಇದು ಹಿಮಾಲಯದ್ದಲ್ಲ, ದಖ್ಖನಿನದೆಂದು ಬೇರ್ಪಡಿಸುತ್ತಾರೆ. ಕೃಷ್ಣಾ-ಗೋದಾವರಿ ಮುಖದಾಚೆ 2006ರಲ್ಲಿ ಕೊಳವೆ ಇಳಿಸಿ ಕೊರೆದಾಗ, ಇಂಥ ಜೇಡಿಯ ಸೀಳುಗಳಲ್ಲಿಯೇ ಹಿಮದಂತೆ ಹೆಪ್ಪುಗಟ್ಟಿದ ಮೀಥೇನು ದೊರೆಯಿತು.

ಆ ಮಣ್ಣಿನ ಬಹುಪಾಲು ಈಗ ಕಡಲನ್ನು ಮುಟ್ಟುತ್ತಿಲ್ಲ. ಧೂಪದಾಳದ ಒಡ್ಡು 1897ರಷ್ಟು ಹಳೆಯದು; ಬಳಿಕ ಹುಕ್ಕೇರಿ ತಾಲ್ಲೂಕಿನ ಹಿಡಕಲ್ಲಿನಲ್ಲಿ 51 ಟಿಎಂಸಿ ನೀರು ಹಿಡಿಯುವ ರಾಜಾ ಲಖಮಗೌಡ ಜಲಾಶಯ, ಅದರ ಕೆಳಗೆ ಆಲಮಟ್ಟಿ, ನಾರಾಯಣಪುರ, ಶ್ರೀಶೈಲ, ನಾಗಾರ್ಜುನಸಾಗರ. ನೀರು ನಿಂತಲ್ಲೆಲ್ಲ ಮಣ್ಣು ಕುಳಿತುಕೊಳ್ಳುತ್ತದೆ. ಆಂಧ್ರ ವಿಶ್ವವಿದ್ಯಾಲಯದ ಕೆ. ನಾಗೇಶ್ವರ ರಾವ್ ಮತ್ತು ಅವರ ಸಂಗಡಿಗರ ಗಣನೆಯಂತೆ, 1966-69ರ ಸುಮಾರಿಗೆ ವರ್ಷಕ್ಕೆ 90 ಲಕ್ಷ ಟನ್ ಇದ್ದ ಕೃಷ್ಣೆಯ ಮೆಕ್ಕಲು 2000-05ರ ಹೊತ್ತಿಗೆ 4 ಲಕ್ಷ ಟನ್ನಿಗೆ ಇಳಿದಿತ್ತು. ಆಹಾರ ತಪ್ಪಿದ ಮುಖಜಭೂಮಿಯನ್ನು ತೆರೆಗಳು ತಿನ್ನುತ್ತಿವೆ. ನಮ್ಮ ಕಬ್ಬಿನ ಗದ್ದೆಗಳಿಗೆ ಅಣೆಕಟ್ಟಿನ ನೀರು ಬೇಕು, ಅದನ್ನು ಅಲ್ಲಗಳೆಯುವವನು ನಾನಲ್ಲ; ಆದರೆ ಹಿಡಕಲ್ಲಿನಲ್ಲಿ ಕುಳಿತ ಹೂಳು ಜಲಾಶಯದ ನಷ್ಟವೂ ಹೌದು, ಹಂಸಲದೀವಿಯ ದಡದ ನಷ್ಟವೂ ಹೌದು ಎಂಬುದನ್ನು ಎರಡೂ ಕಡೆಯವರು ಒಂದೇ ಲೆಕ್ಕದ ಪುಸ್ತಕದಲ್ಲಿ ಬರೆಯದೆ ಗತ್ಯಂತರವಿಲ್ಲ.

ಆ ಲೆಕ್ಕ ನದಿಯ ಮೇಲ್ಭಾಗದಿಂದಲೇ ಆರಂಭವಾಗತಕ್ಕದ್ದು. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಾಲೇಜುಗಳ ವಿಜ್ಞಾನದ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಜೂನಿನಿಂದ ಅಕ್ಟೋಬರದ ವರೆಗೆ ವಾರಕ್ಕೊಮ್ಮೆ ಧೂಪದಾಳದ ಮೇಲೆಯೂ ಜಲಪಾತದ ಕೆಳಗೂ ಒಂದೊಂದು ಲೀಟರು ನೀರನ್ನು ವಿದ್ಯಾರ್ಥಿಗಳಿಂದ ತರಿಸಿರಿ, ಸೋಸುಕಾಗದದಲ್ಲಿ ಸೋಸಿ, ಒಣಗಿಸಿ, ತೂಗಿ, ತೇದಿಯೊಡನೆ ಬರೆದಿಡಿರಿ, ಹತ್ತು ವರ್ಷ ಬಿಡದೆ ಬರೆದು ಆ ಅಂಕಿಗಳನ್ನು ಧಾರವಾಡದ ವಿಶ್ವವಿದ್ಯಾಲಯಕ್ಕೂ ದೋನಾ ಪಾವ್ಲದ ಸಂಸ್ಥೆಗೂ ಕಳಿಸಿಕೊಡಿರಿ.