ಗೋಡೆ ಗಡಿಯಾರ, ನಾಯಿಯ ಕಲ್ಲು ಮತ್ತು ನಮ್ಮೂರ ಬಸ್ಸು: ವರ್ಷಗಟ್ಟಲೆ ದುಡಿದವರಿಗೆ ನಾವು ಏನು ಕೊಡ್ತೀವಿ?

(ಈ ವಾರದ ಸಂಚಿಕೆಯ ಅಕ್ಷರ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತು ರೆಕಾರ್ಡಿಂಗ್ ಮಾಡ್ತಿರೋದು ಬೆಂಗಳೂರಿನ ರೂಮಿಂದ ಅಲ್ಲ, ಊರಿಂದ. ಕೊಪ್ಪ ತಾಲ್ಲೂಕಿನ ಜಯಪುರ. ಹಿಂದೆ ಸದ್ದು ಕೇಳ್ತಾ ಇದ್ರೆ ಅದು ಮಳೆ. ಹೆಂಚಿನ ಮನೆ, ಏನೂ ಮಾಡೋಕಾಗಲ್ಲ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಇವತ್ತಿನ ವಿಷಯ ಶುರುವಾಗಿದ್ದು ಒಂದು ಗೋಡೆ ಗಡಿಯಾರದಿಂದ. ನಾನು ಬಿ.ಕಾಂ ಮುಗಿಸಿ ಮೊದಲು ಸೇರಿದ ಆಫೀಸಲ್ಲಿ, ಅಕೌಂಟ್ಸ್ ವಿಭಾಗದಲ್ಲಿ ಒಬ್ಬರು ಹಿರಿಯರಿದ್ರು. 22 ವರ್ಷ ಅದೇ ಕುರ್ಚಿ. ಯಾವ ಬಿಲ್ ಯಾವ ಫೈಲಲ್ಲಿದೆ, ಯಾವ ಪಾರ್ಟಿ ಮಾರ್ಚ್ ಬಂದ್ರೆ ಫೋನ್ ಎತ್ತಲ್ಲ, ಎಲ್ಲ ಅವರ ತಲೆಯಲ್ಲಿ. ಅವರು ನಿವೃತ್ತರಾದ ದಿನ 20 ನಿಮಿಷದ ಕಾರ್ಯಕ್ರಮ. ಕೇಕು, ಶಾಲು, ಹಾರ. ಭಾಷಣ ಮಾಡಿದವರು "ಇವರು ನಮ್ಮ ಕುಟುಂಬದವರಿದ್ದ ಹಾಗೆ" ಅಂದ್ರು. ಆದ್ರೆ ಅದಕ್ಕೆ ಮುಂಚೆ ಪಕ್ಕದವರ ಹತ್ರ ಬಗ್ಗಿ ಹೆಸರು ಕೇಳ್ಕೊಂಡ್ರು. ಕೊನೆಗೆ ಕಂಪನಿ ಲೋಗೋ ಇರೋ ಗಡಿಯಾರ ಕೊಟ್ಟರು. ಲಿಫ್ಟ್ ಹತ್ರ ಸರ್ ನಗ್ತಾ ನಂಗೆ ಹೇಳಿದ್ದು ಇಷ್ಟೇ: "ಟೈಮ್ ನೋಡೋ ಕೆಲಸ ಮುಗಿದ ಮೇಲೆ ಗಡಿಯಾರ ಕೊಟ್ರು ಕಣಪ್ಪ. ಸೆಲ್ಲೂ ಹಾಕಿಲ್ಲ."

ನಾನೂ ನಕ್ಕೆ. ಆಮೇಲೆ ಆ ಮಾತು ತಲೆಯಿಂದ ಹೋಗಲೇ ಇಲ್ಲ. ಒಬ್ಬ ಮನುಷ್ಯ 20–25 ವರ್ಷ ಒಂದೇ ಕಡೆ ನಿಯತ್ತಾಗಿ ದುಡಿದ್ರೆ, ಅವನಿಗೆ ಸಲ್ಲಬೇಕಾದ ಮನ್ನಣೆ ಯಾವುದು? ಶಾಲಾ? ದುಡ್ಡಾ? ಮಾತಾ? ನಮ್ಮ ಕನ್ನಡನಾಡಲ್ಲಿ ಈ ಪ್ರಶ್ನೆಗೆ ಹಿಂದಿನವರು ಏನೇನು ಉತ್ತರ ಕೊಟ್ಟಿದ್ದಾರೆ ಅಂತ ನೋಡೋಣ. ಮೂರು ಉತ್ತರ ತಂದಿದ್ದೀನಿ. ಒಂದು ಕಲ್ಲಿನ ಮೇಲಿದೆ, ಒಂದು ಕಾಯ್ದೆಯಲ್ಲಿದೆ, ಇನ್ನೊಂದು ನಮ್ಮೂರ ರಸ್ತೆ ಮೇಲೆ ಓಡ್ತಾ ಇತ್ತು.

ಮೊದಲನೇ ಉತ್ತರ: ಒಂದು ನಾಯಿಯ ಕಲ್ಲು

ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೀರಾ? ಅಲ್ಲಿ ಒಂದು ಶಾಸನ ಇದೆ. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿಂದ ತಂದಿದ್ದು. ಮೇಲೆ ಒಂದು ನಾಯಿ, ಒಂದು ಹಂದಿ ಕಾದಾಡ್ತಿರೋ ಚಿತ್ರ, ಸುತ್ತ ಹಳಗನ್ನಡದ ಅಕ್ಷರ.

ಕಥೆ ಸಾವಿರ ವರ್ಷಕ್ಕಿಂತ ಹಳೇದು. ಕ್ರಿ.ಶ. 949ರಲ್ಲಿ ತಕ್ಕೋಲಂ ಅನ್ನೋ ಕಡೆ ದೊಡ್ಡ ಯುದ್ಧ ಆಯ್ತು. ಒಂದು ಕಡೆ ರಾಷ್ಟ್ರಕೂಟರ ಮೂರನೇ ಕೃಷ್ಣ, ಅವನ ಜೊತೆ ಗಂಗರ ಇಮ್ಮಡಿ ಬೂತುಗ. ಇನ್ನೊಂದು ಕಡೆ ಚೋಳರು. ಚೋಳ ರಾಜಾದಿತ್ಯ ಆ ಯುದ್ಧದಲ್ಲಿ ಸತ್ತ. ಬೂತುಗನ ಜೊತೆ ನಿಂತು ಹೋರಾಡಿದವನು ಮಣಲೇರ. ಒಡೆಯ ಖುಷಿಯಾಗಿ "ಏನು ಬೇಕು ಕೇಳು" ಅಂದಾಗ ಮಣಲೇರ ಕೇಳಿದ್ದು ಬಂಗಾರ ಅಲ್ಲ, ಊರಲ್ಲ. ಕಾಳಿ ಅನ್ನೋ ಬೇಟೆ ನಾಯಿ! ಮುಂದೆ ಆತಕೂರಲ್ಲಿ ಆ ಕಾಳಿಯನ್ನ ಒಂದು ದೊಡ್ಡ ಹಂದಿ ಮೇಲೆ ಬಿಟ್ಟರು. ಎರಡೂ ಕಾದಾಡಿ ಸತ್ತವು. ಆ ನಾಯಿಯ ನೆನಪಿಗೆ ಅಲ್ಲಿನ ಶಿವಾಲಯದ ಮುಂದೆ ಕಲ್ಲು ನಿಲ್ಲಿಸಿದ್ರು.

ಇಲ್ಲಿವರೆಗೆ ಕೇಳಿದ್ರೆ ಚಂದದ ಕಥೆ ಅಷ್ಟೇ. ಕಾಮರ್ಸ್ ಓದಿದ ನಂಗೆ ಇಷ್ಟ ಆಗಿದ್ದು ಅದರ ಮುಂದಿನ ಭಾಗ. ಅವರು ಕಲ್ಲು ನಿಲ್ಲಿಸಿ ಫೋಟೋ ತೆಗೆಸ್ಕೊಂಡು ಹೋಗಲಿಲ್ಲ, ಅಂದ್ರೆ ಆ ಕಾಲದ ಲೆಕ್ಕದಲ್ಲಿ. ಆ ಕಲ್ಲಿನ ಪೂಜೆಗೆ ಅಂತ ಒಂದಿಷ್ಟು ಭೂಮಿ ಬಿಟ್ಟರು. ಜೊತೆಗೆ ಒಂದು ಷರತ್ತೂ ಕೆತ್ತಿಸಿದ್ರು: ಆ ಸ್ಥಾನ ನೋಡ್ಕೊಳ್ಳೋ ಗೊರವ, ಅಂದ್ರೆ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದ್ರೆ ಅವನಿಗೆ ಪಾಪ ತಟ್ಟುತ್ತೆ. ಈಗಿನ ಭಾಷೆಯಲ್ಲಿ ಹೇಳೋದಾದ್ರೆ ನೆನಪಿಗೆ ಒಂದು ನಿಧಿ ಇತ್ತು, ಜವಾಬ್ದಾರಿ ಹೊತ್ತ ಒಬ್ಬ ಮನುಷ್ಯ ಇದ್ದ, ಕೆಲಸ ತಪ್ಪಿಸಿದ್ರೆ ದಂಡನೆಯೂ ಇತ್ತು. ಒಡೆಯ ಬದಲಾದ್ರೂ ನೆನಪು ನಿಲ್ಲಬಾರದು ಅನ್ನೋ ಲೆಕ್ಕಾಚಾರ ಅದು.

ಮಣಲೇರನಿಗೂ ಊರುಗಳು ಸಿಕ್ಕವು. ಅದಕ್ಕೆ ಶಾಸನ ಬಳಸೋ ಪದ ಬಾಳ್ಗಚ್ಚು. ಬಾಳ್ ಅಂದ್ರೆ ಕತ್ತಿ. ಕತ್ತಿ ತೊಳೆದು ಕೊಡೋ ಕೊಡುಗೆ. ಯುದ್ಧದಲ್ಲಿ ಸತ್ತವರ ಮನೆಯವರಿಗೆ ಭೂಮಿ ಕೊಟ್ಟರೆ ಅದು ನೆತ್ತರುಗೊಡಗೆ. ಇನ್ನೊಂದು ಕಡೆ ಜೋಳದ ಪಾಳಿ ಅನ್ನೋ ಪದವೂ ಇತ್ತು, ಉಂಡ ಅನ್ನದ ಋಣ ತೀರಿಸೋದು. ನೋಡಿ, ನಿಯತ್ತಿಗೆ ಎರಡು ಕಡೆ ಇತ್ತು. ಉಂಡವನಿಗೆ ಒಂದು ಋಣ, ಉಣ್ಣಿಸಿದವನಿಗೆ ಇನ್ನೊಂದು. "ಉಂಡ ಮನೆಗೆ ಎರಡು ಬಗೀಬಾರ್ದು" ಅನ್ನೋ ಗಾದೆ ನಮಗೆಲ್ಲ ಬಾಯಿಪಾಠ. ಉಣ್ಣಿಸಿದ ಮನೆಯ ಕರ್ತವ್ಯ ಏನು ಅನ್ನೋದು ಮಾತ್ರ ಮರೆತುಹೋಗಿದೆ.

ಒಂದು ಮಾತು ಹೇಳಲೇಬೇಕು. ಆ ಕಾಲ ಚಿನ್ನದಂಥದ್ದು ಅಂತ ನಾನು ಹೇಳ್ತಿಲ್ಲ. ಕಲ್ಲು ಸಿಕ್ಕಿದ್ದು ಸತ್ತ ಮೇಲೆ. ಸಿಗೋದೂ ಬಿಡೋದೂ ಒಡೆಯನ ಮನಸ್ಸಿಗೆ ಬಿಟ್ಟಿದ್ದು. ಹೊಲ ಉತ್ತವರಿಗೆ, ಬಟ್ಟೆ ಒಗೆದವರಿಗೆ ಎಷ್ಟು ಕಲ್ಲು ನಿಂತವು? ಆ ಸಮಸ್ಯೆಗೆ ಪರಿಹಾರ ಬರೋಕೆ ಸಾವಿರ ವರ್ಷ ಬೇಕಾಯ್ತು.

ಎರಡನೇ ಉತ್ತರ: 15 ಭಾಗಿಸು 26

ಗ್ರಾಚ್ಯುಟಿ. ಆಫರ್ ಲೆಟರಲ್ಲಿ ಸಿಟಿಸಿ ಒಳಗೆ ಒಂದು ಸಾಲಾಗಿ ನೋಡಿರ್ತೀರಿ, ದಾಟಿ ಹೋಗಿರ್ತೀರಿ.

ಮೂಲದಲ್ಲಿ ಆ ಪದದ ಅರ್ಥವೇ ಕೊಡುಗೆ, ಉಡುಗೊರೆ. ಮಾಲೀಕ ಸಂತೋಷದಿಂದ ಕೊಟ್ಟರೆ ಉಂಟು, ಇಲ್ಲದಿದ್ರೆ ಇಲ್ಲ. 1960ರ ದಶಕದ ಆರಂಭದಲ್ಲಿ, ಬಟ್ಟೆ ಸ್ವಚ್ಛಗೊಳಿಸುವ ಒಂದು ಸಂಸ್ಥೆ ಮತ್ತು ಅದರ ಕೆಲಸಗಾರರ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನ ಸ್ಪಷ್ಟ ಮಾಡ್ತು: ಗ್ರಾಚ್ಯುಟಿ ದಯೆಯಿಂದ ಕೊಡೋದಲ್ಲ, ಮಾಡಿದ ಸೇವೆಗೆ ಕೊಡೋದು. ಕೇರಳ 1970ರಲ್ಲಿ, ಪಶ್ಚಿಮ ಬಂಗಾಳ 1971ರಲ್ಲಿ ತಮ್ಮದೇ ಕಾನೂನು ತಂದವು. 1972ರಲ್ಲಿ ಇಡೀ ದೇಶಕ್ಕೆ ಗ್ರಾಚ್ಯುಟಿ ಪಾವತಿ ಕಾಯ್ದೆ ಬಂತು. ಕಾರ್ಖಾನೆ, ಗಣಿ, ಬಂದರು, ರೈಲ್ವೆ ಜೊತೆಗೆ ಪ್ಲಾಂಟೇಶನ್ ಅನ್ನೋ ಪದವೂ ಆ ಕಾಯ್ದೆಯಲ್ಲಿತ್ತು. ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯ ಕೇಳುಗರಿಗೆ ಇದು ಮುಖ್ಯ, ಯಾಕಂದ್ರೆ ಇಲ್ಲಿ ಎಸ್ಟೇಟಲ್ಲಿ ದುಡಿಯದ ಕುಟುಂಬ ಕಮ್ಮಿ.

ಲೆಕ್ಕ ಸುಲಭ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿ.ಎ. ಸೇರಿಸಿ, 26ರಿಂದ ಭಾಗಿಸಿ, 15ರಿಂದ ಗುಣಿಸಿ, ದುಡಿದ ವರ್ಷಗಳಿಂದ ಗುಣಿಸಿ. ಅಂದ್ರೆ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ನಮ್ಮ ಸರ್ ಥರ 22 ವರ್ಷ ದುಡಿದವರ ಕೊನೆಯ ಸಂಬಳ 26,000 ಅಂತ ಇಟ್ಕೊಳ್ಳಿ. ದಿನಕ್ಕೆ 1,000. ವರ್ಷಕ್ಕೆ 15,000. 22 ವರ್ಷಕ್ಕೆ 3,30,000. ಸಾಮಾನ್ಯವಾಗಿ ಐದು ವರ್ಷದ ನಿರಂತರ ಸೇವೆ ಬೇಕು. ಸಾವು ಅಥವಾ ಅಂಗವೈಕಲ್ಯದಿಂದ ಕೆಲಸ ನಿಂತರೆ ಆ ಷರತ್ತು ಇಲ್ಲ. 2020ರ ಸಾಮಾಜಿಕ ಭದ್ರತಾ ಸಂಹಿತೆ ನಿಗದಿತ ಅವಧಿಯ ಒಪ್ಪಂದದ ಮೇಲೆ ದುಡಿಯೋರಿಗೂ ಐದು ವರ್ಷ ಕಾಯದೆ ಗ್ರಾಚ್ಯುಟಿಗೆ ದಾರಿ ಮಾಡಿದೆ.

ಈ ಸೂತ್ರದ ಸೊಗಸು ಏನು ಗೊತ್ತಾ? ಅದಕ್ಕೆ ಮುಖ ನೋಡೋಕೆ ಬರಲ್ಲ. ಮ್ಯಾನೇಜರ್‌ಗೆ ನೀವು ಇಷ್ಟ ಇರಲಿ, ಇಲ್ಲದಿರಲಿ, 15 ಅಂದ್ರೆ 15. ಕೊರತೆಯೂ ಅದೇ. ಸೂತ್ರಕ್ಕೆ ನಿಮ್ಮ ಹೆಸರು ಗೊತ್ತಿರಲ್ಲ. ನೀವು ಮಾಡಿದ ಕೆಲಸ ಯಾವುದು, ಅದರಿಂದ ಯಾರಿಗೆ ಒಳ್ಳೇದಾಯ್ತು ಅನ್ನೋದು ಅದರಲ್ಲಿ ಎಲ್ಲೂ ಬರಲ್ಲ. ಅದಕ್ಕೇ ಮೂರನೇ ಉತ್ತರಕ್ಕೆ ಬರ್ತೀನಿ. ಅದಕ್ಕೆ ಜಯಪುರದ ಬಸ್ ಸ್ಟ್ಯಾಂಡಿಗೇ ಬರಬೇಕು.

ಮೂರನೇ ಉತ್ತರ: ಡ್ರೈವರೇ ಓನರ್

ಮಲೆನಾಡಿನವರಿಗೆ ಸಹಕಾರ ಸಾರಿಗೆ ಅಂದ್ರೆ ವಿವರಣೆ ಬೇಕಾಗಿಲ್ಲ. ಬೇರೆ ಕಡೆಯವರಿಗೆ ಹೇಳ್ತೀನಿ. ಈ ಭಾಗದಲ್ಲಿ ಮೊದಲು ಶಂಕರ್ ಟ್ರಾನ್ಸ್‌ಪೋರ್ಟ್ ಅನ್ನೋ ಖಾಸಗಿ ಬಸ್ ಕಂಪನಿ ಇತ್ತು. ಕಾರ್ಮಿಕರು ಮತ್ತು ಮಾಲೀಕರ ನಡುವಿನ ತಿಕ್ಕಾಟದ ನಂತರ ಅದು ಮುಚ್ಚಿತು. ಸಾಮಾನ್ಯವಾಗಿ ಇಂಥ ಕಥೆ ಅಲ್ಲಿಗೇ ಮುಗಿಯುತ್ತೆ. ಇಲ್ಲಿ ಮುಗೀಲಿಲ್ಲ. ಕೆಲಸ ಕಳ್ಕೊಂಡ ಕಾರ್ಮಿಕರೇ ಸೇರಿ 1991ರಲ್ಲಿ ಕೊಪ್ಪದಲ್ಲಿ ಸಹಕಾರ ಸಂಘ ಕಟ್ಟಿದ್ರು. ಬರೀ ಆರು ಬಸ್ಸಿಂದ ಶುರುವಾಗಿ ಎಪ್ಪತ್ತಕ್ಕೂ ಹೆಚ್ಚು ಬಸ್ಸುಗಳವರೆಗೆ ಬೆಳೆಸಿದ್ರು. ಮಲೆನಾಡಿನ ಹಳ್ಳಿಗಳಿಂದ ಕರಾವಳಿ ತನಕ ಓಡ್ತಿದ್ವು.

ಬ್ಯಾಲೆನ್ಸ್ ಶೀಟ್ ಕಣ್ಣಲ್ಲಿ ಇದನ್ನ ನೋಡಿ. ಮಾಮೂಲಿ ಕಂಪನಿಯಲ್ಲಿ ಡ್ರೈವರ್ 20 ವರ್ಷ ದುಡಿದ್ರೂ ಅವನು ಖರ್ಚಿನ ಪಟ್ಟಿಯಲ್ಲೇ ಇರ್ತಾನೆ: ಸಂಬಳ, ಭತ್ಯೆ. ಕಾರ್ಮಿಕರ ಸಹಕಾರ ಸಂಘದಲ್ಲಿ ಅವನು ಷೇರು ಬಂಡವಾಳದ ಜಾಗಕ್ಕೆ ಬರ್ತಾನೆ. ಸಹಕಾರ ತತ್ವದಲ್ಲಿ ಒಬ್ಬ ಸದಸ್ಯನಿಗೆ ಒಂದೇ ಓಟು. ಷೇರು ಎಷ್ಟಿದ್ರೂ ಅಷ್ಟೇ. ಅಂದ್ರೆ ಸಭೆಯಲ್ಲಿ ಎದ್ದು ನಿಂತು "ಈ ರೂಟ್ ಯಾಕೆ ನಿಲ್ಲಿಸ್ತೀರಿ?" ಅಂತ ಕೇಳೋ ಹಕ್ಕು. ಶಾಲು ಹೊದಿಸಿದ್ರೆ ಆ ಹಕ್ಕು ಬರಲ್ಲ.

ನಾನು ಕಾಲೇಜಿಗೆ ಹೋಗ್ತಿದ್ದದ್ದು ಆ ಬಸ್ಸಲ್ಲೇ. ದೀರ್ಘ ಸೇವೆ ಅಂದ್ರೆ ಏನು ಅಂತ ನಾನು ಕಣ್ಣಾರೆ ನೋಡಿದ್ದು ಅಲ್ಲೇ. ಜೋರು ಮಳೆಯಲ್ಲಿ ಯಾವ ತಿರುವಿನಲ್ಲಿ ಮರ ಬೀಳುತ್ತೆ, ಯಾವ ಏರಿಗೆ ಮೊದಲೇ ಗೇರ್ ಇಳಿಸಬೇಕು ಅಂತ ಗೊತ್ತಿರೋ ಡ್ರೈವರ್ ಡೀಸೆಲ್ ಉಳಿಸ್ತಾನೆ, ಕ್ಲಚ್ ಉಳಿಸ್ತಾನೆ, ಜೀವ ಉಳಿಸ್ತಾನೆ. ಪೇಟೆಯಿಂದ ಅಜ್ಜಿಯ ಮಾತ್ರೆ ತಂದು ದಣಪೆ ಹತ್ರ ಕೊಟ್ಟು ಹೋಗೋ ಕಂಡಕ್ಟರ್ ಅಣ್ಣನಿಗೆ ಅದಕ್ಕೇನೂ ಸಂಬಳ ಇರಲಿಲ್ಲ. ನಾನು ಪಾಸ್ ಮರೆತ ದಿನ ಎಲ್ಲರ ಮುಂದೆ ಬೈದು, ಆಮೇಲೆ ಸುಮ್ಮನೆ ಕರ್ಕೊಂಡು ಹೋಗ್ತಿದ್ರು.

ಆದ್ರೆ ಈ ಮೂರನೇ ಉತ್ತರದಲ್ಲೂ ಒಂದು ಅಪಾಯ ಇದೆ. ಷೇರಿಗೆ ಬೆಲೆ ಇರೋದು ಸಂಸ್ಥೆ ಬದುಕಿರೋ ತನಕ. 2014ರ ಅಕ್ಟೋಬರಲ್ಲಿ ಡೀಸೆಲ್ ಬೆಲೆಯ ಮೇಲಿನ ಸರ್ಕಾರಿ ನಿಯಂತ್ರಣ ಹೋಯ್ತು. 2017ರ ಜೂನ್‌ನಿಂದ ಬೆಲೆ ದಿನಾ ಬದಲಾಗೋಕೆ ಶುರುವಾಯ್ತು. ಬಸ್ ಟಿಕೆಟ್ ದರ ಹಾಗೆ ದಿನಾ ಬದಲಾಗಲ್ಲ. ಜೊತೆಗೆ ತೆರಿಗೆ, ವಿಮೆ, ಬಿಡಿಭಾಗ. ಅದೇ ಹೊತ್ತಿಗೆ ಮನೆಮನೆಗೆ ಬೈಕು, ಕಾರು ಬಂತು. ಹಳ್ಳಿ ರೂಟಲ್ಲಿ ಸೀಟು ಖಾಲಿ. ನಷ್ಟ ತಡೆಯೋಕಾಗದೆ 2020ರ ಫೆಬ್ರವರಿಯಲ್ಲಿ ಸಹಕಾರ ಸಾರಿಗೆ ಓಡಾಟ ನಿಲ್ಲಿಸಿತು. ಮುಂದಿನ ತಿಂಗಳೇ ಲಾಕ್‌ಡೌನ್. ದೇಶದ ಬಸ್ಸುಗಳೆಲ್ಲ ನಿಂತಾಗ ನಮ್ಮ ಬಸ್ಸು ನಿಂತಿದ್ದು ಸುದ್ದಿಯಾಗಿ ಉಳೀಲಿಲ್ಲ.

ನಾನು ಆಗ ಬೆಂಗಳೂರಲ್ಲಿದ್ದೆ. ವಾಟ್ಸಾಪ್ ಗ್ರೂಪಲ್ಲಿ ನೋಡಿ, ಅಳೋ ಎಮೋಜಿ ಹಾಕಿ, ಮುಂದಕ್ಕೆ ಹೋದೆ. ಅಷ್ಟೇ ನಾನು ಮಾಡಿದ್ದು. ಗಡಿಯಾರ ಕೊಟ್ಟವರನ್ನ ಆಡ್ಕೊಂಡು ನಗೋಕೆ ನಂಗೇನು ಹಕ್ಕಿದೆ ಹೇಳಿ.

ಕೊನೆಗೆ

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ನಂಗೆ ಅನ್ನಿಸೋದು ಇದು. ಕಲ್ಲು ಹೆಸರನ್ನ ಉಳಿಸ್ತು. ಕಾಯ್ದೆ ಹಣವನ್ನ ಖಾತ್ರಿ ಮಾಡ್ತು. ಷೇರು ಮಾತಿನ ಹಕ್ಕು ಕೊಡ್ತು. ಒಂದೊಂದೂ ಒಂಟಿಯಾಗಿ ಸಾಲದು. ಸಮಾರಂಭದಲ್ಲಿ ಇವು ಮೂರೂ ಇಲ್ಲ ಅಂದ್ರೆ ಅದು ಮನ್ನಣೆ ಅಲ್ಲ, ಫೋಟೋ ಅಷ್ಟೇ.

ನಮ್ಮ ಕೈಲಿ ಏನಿದೆ? ಕಾಯ್ದೆ ಬದಲಿಸೋಕೆ ನಮ್ಮಿಂದ ಆಗದೇ ಇರಬಹುದು. ಆದ್ರೆ ಪಕ್ಕದ ಕುರ್ಚಿಯವರು ನಿವೃತ್ತರಾಗೋಕೆ ಮುಂಚೆ ಅವರ ಜೊತೆ ಒಂದು ಗಂಟೆ ಕೂತು, ಅವರಿಗೆ ಏನೇನು ಗೊತ್ತು ಅಂತ ಬರೆದಿಟ್ಕೊಳ್ಳಬಹುದು, ಅವರ ಹೆಸರು ಹಾಕಿ. ನಿಮ್ಮ ಮನೆಯಲ್ಲಿ ಅಮ್ಮನೋ ಮಾವನೋ ಎಸ್ಟೇಟಲ್ಲಿ ವರ್ಷಗಟ್ಟಲೆ ದುಡಿದಿದ್ರೆ, ಅವರ ಗ್ರಾಚ್ಯುಟಿ ಲೆಕ್ಕವನ್ನ ಇವತ್ತು ರಾತ್ರಿ ಫೋನ್ ಕ್ಯಾಲ್ಕುಲೇಟರಲ್ಲಿ ಮಾಡಿ ತೋರಿಸಬಹುದು. ಐದು ನಿಮಿಷದ ಕೆಲಸ.

ಮೊನ್ನೆ ಜಯಪುರ ಬಸ್ ಸ್ಟ್ಯಾಂಡಲ್ಲಿ ಕೊಡೆ ಹಿಡ್ಕೊಂಡು ನಿಂತಿದ್ದೆ. ಹಿಂದಿಂದ ಒಂದು ದನಿ: "ಏನೋ, ಪಾಸ್ ತಂದಿದ್ದೀಯಾ?" ತಿರುಗಿ ನೋಡಿದ್ರೆ ಅದೇ ಕಂಡಕ್ಟರ್ ಅಣ್ಣ. ತಲೆ ಪೂರ್ತಿ ಬೆಳ್ಳಗಾಗಿದೆ. ಈಗ ಅಡಿಕೆ ತೋಟ ನೋಡ್ಕೊಂಡಿದ್ದಾರಂತೆ. ಬೆಳಗಿನ ಮೊದಲ ಬಸ್ಸಿಂದ ರಾತ್ರಿ ಕೊನೆಯದರ ತನಕ ಟೈಮಿಂಗ್ ಒಂದೇ ಉಸಿರಿಗೆ ಹೇಳಿದ್ರು. ನಾನು ಯಾವ ಸೀಟಲ್ಲಿ ಕೂರ್ತಿದ್ದೆ ಅಂತ ಹೇಳಿದ್ರು. ನಮ್ಮಪ್ಪನ ಹೆಸರು ಹೇಳಿದ್ರು.

ನಂಗೆ ಅವರ ಹೆಸರು ಗೊತ್ತಿರಲಿಲ್ಲ. ಐದು ವರ್ಷ "ಅಣ್ಣ" ಅಂತ ಕರೆದಿದ್ದೆ, ಅಷ್ಟೇ.

ಕೇಳಿದೆ. ಹೇಳಿದ್ರು. ಇಲ್ಲಿ ಹೇಳೋದು ಬೇಡ ಅಂದಿದ್ದಾರೆ, ಹಾಗಾಗಿ ಹೇಳಲ್ಲ. ನನ್ನ ಫೋನಲ್ಲಿ ಮಾತ್ರ ಪೂರ್ತಿ ಹೆಸರು ಬರ್ಕೊಂಡಿದ್ದೀನಿ.