ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯ: ಓಲೆಗರಿಗಳ ಮನೆ

ಮೈಸೂರಿನ ಮಹಾರಾಜ ಕಾಲೇಜಿನ ಸಮೀಪ, ಕೃಷ್ಣರಾಜ ಬುಲೆವಾರ್ಡ್ ರಸ್ತೆಯಲ್ಲಿ ಎತ್ತರದ ಕಂಬಗಳ ಒಂದು ಹಳೆಯ ಕಟ್ಟಡವಿದೆ. ಅದೇ ಮೈಸೂರು ವಿಶ್ವವಿದ್ಯಾನಿಲಯಕ್ಕೆ ಸೇರಿದ ಪ್ರಾಚ್ಯವಿದ್ಯಾ ಸಂಶೋಧನಾಲಯ.

ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ 50 ವರ್ಷ ತುಂಬಿದ ನೆನಪಿಗಾಗಿ 1887ರಲ್ಲಿ ಈ ಕಟ್ಟಡಕ್ಕೆ ಶಂಕುಸ್ಥಾಪನೆಯಾಯಿತು. ಆದ್ದರಿಂದಲೇ ಇದಕ್ಕೆ ಜೂಬಿಲಿ ಕಟ್ಟಡವೆಂಬ ಹೆಸರೂ ಇದೆ. ಆಗ ಮೈಸೂರನ್ನು ಆಳುತ್ತಿದ್ದವರು ಹತ್ತನೆಯ ಚಾಮರಾಜೇಂದ್ರ ಒಡೆಯರು. 1891ರಲ್ಲಿ ಓರಿಯಂಟಲ್ ಲೈಬ್ರರಿ ಸ್ಥಾಪನೆಯಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದ ಮೇಲೆ ಇದು ಅದರ ಆಡಳಿತಕ್ಕೆ ಬಂದಿತು.

ಕಟ್ಟಡದ ರಚನೆ ಯೂರೋಪಿನ ಶೈಲಿಯದು. ಮುಂಭಾಗದಲ್ಲಿ ಕೊರಿಂಥಿಯನ್ ಮತ್ತು ಅಯೋನಿಕ್ ಮಾದರಿಯ ಕಂಬಗಳು, ಅರ್ಧವೃತ್ತದ ಕಮಾನುಗಳು ಕಾಣುತ್ತವೆ. ಹೊರಗೆ ಗ್ರೀಕ್ ರೋಮನ್ ಕಂಬಗಳು, ಒಳಗೆ ನಮ್ಮ ನಾಡಿನ ತಾಳೆಗರಿಗಳು. ಇದೇ ಈ ಕಟ್ಟಡದ ವಿಶೇಷ.

ಕೌಟಿಲ್ಯನ ಅರ್ಥಶಾಸ್ತ್ರ ಬಹುಕಾಲ ಹೆಸರಿನಲ್ಲಿ ಮಾತ್ರ ಉಳಿದಿತ್ತು. ತಂಜಾವೂರು ಕಡೆಯ ಪಂಡಿತರೊಬ್ಬರು ಅದರ ಓಲೆಪ್ರತಿಯನ್ನು ಇಲ್ಲಿಗೆ ತಂದುಕೊಟ್ಟರು. ಗ್ರಂಥ ಲಿಪಿಯಲ್ಲಿದ್ದ ಆ ಪ್ರತಿಯನ್ನು ಗುರುತಿಸಿ ಓದಿದವರು ಇಲ್ಲಿಯ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು. 1909ರಲ್ಲಿ ಮೂಲವೂ 1915ರಲ್ಲಿ ಇಂಗ್ಲಿಷ್ ಅನುವಾದವೂ ಪುಸ್ತಕವಾಗಿ ಬಂದವು. ತಂದವರು ತರದೇ ಇದ್ದಿದ್ದರೆ, ಇಟ್ಟವರು ಜೋಪಾನ ಮಾಡದೇ ಇದ್ದಿದ್ದರೆ ಆ ಗ್ರಂಥ ಗೆದ್ದಲ ಪಾಲಾಗುತ್ತಿತ್ತೋ ಏನೋ.

ಓಲೆಗರಿಗೆ ತೇವ, ಹುಳು ಎರಡೂ ಶತ್ರುಗಳು. ಕಬ್ಬಿಣದ ಕಂಟದಿಂದ ಕೊರೆದ ಅಕ್ಷರ ಕಾಣಲು ಕಾಡಿಗೆ ಸವರುತ್ತಾರೆ. ಗರಿ ಒಣಗಿ ಮುರಿಯದಂತೆ, ಹುಳು ಹಿಡಿಯದಂತೆ ಸಿಟ್ರೊನೆಲ್ಲಾ ಎಣ್ಣೆ ಲೇಪಿಸುತ್ತಾರೆ. ಆದರೆ ಸೂರು ಸೋರಿದರೆ ಎಷ್ಟು ಎಣ್ಣೆ ಹಚ್ಚಿದರೂ ಪ್ರಯೋಜನವಿಲ್ಲ. ಆದ್ದರಿಂದ ಇಂತಹ ಕಟ್ಟಡದ ದುರಸ್ತಿ ಎಂದರೆ ಒಳಗಿರುವ ಗ್ರಂಥಗಳ ರಕ್ಷಣೆಯೂ ಹೌದು.

ಜೈನ ಬಾಂಧವರಿಗೆ ಶಾಸ್ತ್ರದಾನ ಹೊಸ ಮಾತಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಶ್ರುತಪಂಚಮಿಯಂದು ನಾವು ಶಾಸ್ತ್ರಗಳನ್ನು ಪೂಜಿಸುತ್ತೇವೆ. ಅಂದು ಹಿರಿಯರು ಬಿಟ್ಟುಹೋದ ಕಟ್ಟುಗಳನ್ನು ಅಟ್ಟದಿಂದ ಇಳಿಸಿ, ಒಣಬಟ್ಟೆಯಿಂದ ಮೆಲ್ಲಗೆ ಧೂಳು ಒರೆಸಿ, ಹೊಸ ಬಟ್ಟೆಯಲ್ಲಿ ಸುತ್ತಿಡಿ. ಅಂಟಿಕೊಂಡ ಗರಿಗಳನ್ನು ಬಲವಂತವಾಗಿ ಬಿಡಿಸಬೇಡಿ, ಬಿಸಿಲಿಗೆ ಹಾಕಬೇಡಿ, ತಿಳಿದವರಿಗೆ ತೋರಿಸಿ. ಮೈಸೂರಿಗೆ ಹೋದಾಗ ಅರಮನೆಯ ಜೊತೆಗೆ ಈ ಕಟ್ಟಡವನ್ನೂ ಮಕ್ಕಳಿಗೆ ತೋರಿಸಿ.