ಮುಖಕವಚ (ವೆಲ್ಡಿಂಗ್)
ಹಣೆಯಿಂದ ಗದ್ದದ ಕೆಳಗಿನವರೆಗೆ ಇಡೀ ಮುಖವನ್ನು ಮುಚ್ಚುವ ರಕ್ಷಣಾ ಸಾಧನ. ಕಿಡಿ, ಸಿಡಿತ ತಡೆಯಲು ಪಾರದರ್ಶಕ ಪಾಲಿಕಾರ್ಬೊನೇಟ್ ಹಾಳೆ ಸಾಕು. ಆರ್ಕ್ ವೆಲ್ಡಿಂಗ್‌ಗೆ ಅತಿನೇರಳೆ ಕಿರಣ ತಡೆಯುವ ಕಪ್ಪು ಗಾಜು ಬೇಕು, ಸಾಮಾನ್ಯವಾಗಿ 9ರಿಂದ 13ನೇ ಛಾಯೆಯದು. ಇಲ್ಲದಿದ್ದರೆ ಕೆಲವು ಗಂಟೆಗಳ ನಂತರ ಕಣ್ಣಿಗೆ ಮರಳು ಬಿದ್ದಂಥ ಉರಿ.

ಇಂಥ ಕವಚ ಬೇಕಾಗುವ ಜಾಗಗಳಲ್ಲಿ ಸಕ್ಕರೆ ಕಾರ್ಖಾನೆಯೂ ಒಂದು; ಕೊಳ್ಳೇಗಾಲ ತಾಲ್ಲೂಕಿನ ಕುಂತೂರಿನಲ್ಲಿ ಅಂಥದೊಂದಿದೆ. ಕಬ್ಬು ಅರೆಯುವ ರೋಲರುಗಳು ಸವೆದು ನುಣುಪಾದರೆ ಕಬ್ಬು ಜಾರುತ್ತದೆ. ವೆಲ್ಡಿಂಗ್ ಹನಿ ಕೂರಿಸಿ ಅವನ್ನು ಒರಟುಗೊಳಿಸುವುದು ಈ ಉದ್ಯಮದ ವಾಡಿಕೆ, ಕೆಲವೊಮ್ಮೆ ರೋಲರು ತಿರುಗುತ್ತಿರುವಾಗಲೇ. ಇಂಥಲ್ಲಿ ಕೈಯಲ್ಲಿ ಹಿಡಿಯುವ ಕವಚಕ್ಕಿಂತ ತಲೆಗೆ ಸಿಕ್ಕಿಸುವುದೇ ಲೇಸು. 1948ರ ಕಾರ್ಖಾನೆಗಳ ಕಾಯ್ದೆಯ 35ನೇ ಕಲಮು ಮಾತಾಡಿದ್ದು ಕಣ್ಣಿನ ಬಗ್ಗೆ ಮಾತ್ರ. ಕೆನ್ನೆ, ಕತ್ತು ಸುಡುವುದನ್ನು ಅದು ಹೆಸರಿಸಲಿಲ್ಲ.

ಕವಚ ದೂಳನ್ನು ತಡೆಯದು. ಬೂಷ್ಟು ಹಿಡಿದ ಕಬ್ಬಿನ ಸಿಪ್ಪೆಯ ದೂಳಿನಿಂದ ಬರುವ ಬ್ಯಾಗಸೋಸಿಸ್ ಎಂಬ ಶ್ವಾಸಕೋಶದ ಕಾಯಿಲೆಗೆ ಶೋಧಕವಿರುವ ಮಾಸ್ಕ್ ಬೇರೆಯೇ ಬೇಕು.